ಸೆಂಟ್ರಲ್ ಲೈನ್ ಹಾಕುವಾಗ ವೈರ್ ಸಿಕ್ಕಿಕೊಂಡರೆ ಸೂಜಿಸಮೇತ ಯಾಕೆ ತೆಗೆಯುತ್ತಾರೆ?

ಶಿರಸಿಯ ಐಸಿಯುಗೆ ಹೊಸದಾಗಿ ಸೇರಿದ ನರ್ಸ್ ಎಂದು ಬರೆದಿದ್ದೀರಿ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ಉದ್ದನೆಯ ಕೊಳವೆ ಹಾಕುವಾಗ, ಅದಕ್ಕೆ ದಾರಿ ತೋರಿಸಲು ಸೂಜಿಯೊಳಗಿಂದ ಬಿಡುವ ಗೈಡ್‌ವೈರ್ ಸಿಕ್ಕಿಕೊಂಡಿತು, ಡಾಕ್ಟರು ವೈರನ್ನಷ್ಟೇ ಎಳೆಯದೆ ಸೂಜಿಸಮೇತ ತೆಗೆದು ಮತ್ತೆ ಚುಚ್ಚಿದರು, ರೋಗಿಗೆ ಎರಡೆರಡು ಸಲ ನೋವು ಯಾಕೆ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಅವರು ಮಾಡಿದ್ದೇ ಸರಿ.

ಸೂಜಿಯ ಓರೆ ತುದಿ ಬ್ಲೇಡಿನಷ್ಟು ಹರಿತ. ವೈರೋ, ಒಂದೇ ತಂತಿಯಲ್ಲ. ಒಳಗಿನ ಗಟ್ಟಿ ಎಳೆಯ ಸುತ್ತ ಕೂದಲಿನಷ್ಟು ಸಣ್ಣ ತಂತಿ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿದ್ದಾಗ ಜಗ್ಗಿದರೆ ಆ ಸುತ್ತು ಸೂಜಿಯ ಅಂಚಿಗೆ ಸಿಕ್ಕಿ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ತುಂಡಾಗಿ ರಕ್ತನಾಳದಲ್ಲೇ ಉಳಿಯುತ್ತದೆ. ತುಂಡನ್ನು ಕ್ಯಾಥ್‌ಲ್ಯಾಬಿನಲ್ಲಿ (ಎಕ್ಸ್‌ರೇ ನೋಡುತ್ತ ರಕ್ತನಾಳದೊಳಗೆ ಚಿಕಿತ್ಸೆ ಮಾಡುವ ಕೋಣೆ) ಸ್ನೇರ್ ಎಂಬ ತಂತಿಯ ಕುಣಿಕೆ ಹಾಕಿ ಹಿಡಿಯಬೇಕು. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ವೆಂಟಿಲೇಟರಿನ ರೋಗಿಯನ್ನು ಅಷ್ಟು ದೂರ ಒಯ್ಯುವುದಕ್ಕಿಂತ ಇನ್ನೊಂದು ಚುಚ್ಚು ಎಷ್ಟೋ ಮೇಲು.

ಆದರೆ ಸೂಜಿಗಿಂತ ಹೆಚ್ಚು ಹಾನಿ ಮಾಡುವುದು ಡೈಲೇಟರ್, ಅಂದರೆ ಸೂಜಿ ತೆಗೆದ ಮೇಲೆ ವೈರಿನ ಮೇಲಿಂದ ತಳ್ಳುವ ಚೂಪು ತುದಿಯ ಗಟ್ಟಿ ಕೊಳವೆ. ಅದರ ಕೆಲಸ ಚರ್ಮ, ಮಾಂಸದಲ್ಲಿ ದಾರಿ ಅಗಲ ಮಾಡುವುದಷ್ಟೇ. ಕುತ್ತಿಗೆಯಲ್ಲಿ 3–4 ಸೆಂ.ಮೀ. ಸಾಕಾಗುತ್ತದೆ, ಪೂರ್ತಿ ಒಳಗೆ ತಳ್ಳಬಾರದು. ತಳ್ಳುವಾಗ ನಡುನಡುವೆ ವೈರನ್ನು ಒಂದೆರಡು ಸೆಂ.ಮೀ. ಹಿಂದೆಮುಂದೆ ಆಡಿಸಿ ನೋಡಬೇಕು. ಸಲೀಸಾಗಿ ಜಾರಿದರೆ ಸರಿ. ಜಾರದಿದ್ದರೆ ಒಳಗೆ ವೈರ್ ಮಡಚಿದೆ ಎಂದೇ ತಿಳಿಯಿರಿ. ಇನ್ನೂ ಒತ್ತಿದರೆ ಡೈಲೇಟರ್ ದಾರಿ ತಪ್ಪಿ ನಾಳದ ಹಿಂಗೋಡೆ ಹರಿಯುತ್ತದೆ. ಮಡಚಿದ ವೈರನ್ನು ನೆಟ್ಟಗೆ ಮಾಡಿ ಬಳಸುವ ಹಾಗಿಲ್ಲ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಕಿಟ್ ಇಟ್ಟುಕೊಳ್ಳಿ. ನಮ್ಮ ಕಡೆಯ ಮಳೆಗಾಲದಲ್ಲಿ ಕಿಟ್‌ನ ಕಾಗದದ ಬದಿಗೆ ತೇವದ ಕಲೆ ಕಂಡರೆ, ಎಕ್ಸ್‌ಪೈರಿ ಮುಗಿಯದಿದ್ದರೂ ಬಳಸಬೇಡಿ.

ಇನ್ನು ನಿಮ್ಮ ಕೆಲಸ. ವೈರ್ ಒಳಗೆ ಹೋಗುವಾಗ ನಿಮ್ಮ ಕಣ್ಣು ಮಾನಿಟರಿನ ಮೇಲಿರಲಿ. ಎಕ್ಟೋಪಿಕ್ ಬೀಟ್ (ಲಯ ತಪ್ಪಿದ ಹೃದಯಬಡಿತ) ಬಂದರೆ ಕೂಡಲೇ ಹೇಳಿ, ಅವರು ವೈರನ್ನು ಹಿಂದಕ್ಕೆ ತರುತ್ತಾರೆ. ಸಾಮಾನ್ಯವಾಗಿ 60 ಸೆಂ.ಮೀ. ವೈರಿನಲ್ಲಿ 20 ಸೆಂ.ಮೀ.ಗಿಂತ ಹೆಚ್ಚು ಒಳಗೆ ಬೇಕಾಗುವುದಿಲ್ಲ. ಕ್ಯಾಥೆಟರನ್ನು (ಲೈನಿನ ಕೊಳವೆ) ವೈರಿನ ಮೇಲೆ ಏರಿಸುವ ಮೊದಲು ಅದರ ಡಿಸ್ಟಲ್ ಪೋರ್ಟಿನ (ತುದಿಯ ರಂಧ್ರಕ್ಕೆ ಸೇರುವ ಹೊರಗಿನ ಬಾಯಿ) ಮುಚ್ಚಳ ತೆಗೆದಿದೆಯೇ, ಕ್ಲ್ಯಾಂಪ್ ಬಿಟ್ಟಿದೆಯೇ ನೋಡಿ. ಹೆಚ್ಚಿನ ಕಿಟ್‌ಗಳಲ್ಲಿ ಆ ಪೋರ್ಟ್ ಕಂದು ಬಣ್ಣದ್ದು. ಅಲ್ಲಿಂದ ವೈರಿನ ಬಾಲ ಹೊರಗೆ ಬಂದು ಕೈಗೆ ಸಿಗುವ ತನಕ ಕ್ಯಾಥೆಟರ್ ಚರ್ಮದೊಳಗೆ ಹೋಗಬಾರದು. ಎಷ್ಟೇ ಸೀನಿಯರ್ ಡಾಕ್ಟರಿದ್ದರೂ "ಸರ್, ವೈರ್ ಕಾಣ್ತಿಲ್ಲ" ಎನ್ನಲು ಹಿಂಜರಿಯಬೇಡಿ. ಮುಗಿದ ಮೇಲೆ ವೈರ್ ಟ್ರೇಗೆ ಬಂತೇ ನೋಡಿ ಕೇಸ್‌ಶೀಟಿನಲ್ಲಿ ಬರೆಯಿರಿ.

ಆ ಪೋರ್ಟಿನಿಂದ ರಕ್ತ ಹಿಂದಕ್ಕೆ ಬಾರದೆ, ಫ್ಲಶ್ (ಸಿರಿಂಜಿನಿಂದ ಸಲೈನ್ ತಳ್ಳುವುದು) ಕೂಡ ಬಿಗಿಯಾಗಿದ್ದರೆ ವೈರ್ ಒಳಗೇ ಇರಬಹುದು. ಎಕ್ಸ್‌ರೇಯಲ್ಲಿ ಎಲ್ಲರ ಕಣ್ಣೂ ಕ್ಯಾಥೆಟರಿನ ತುದಿ ಮತ್ತು ಶ್ವಾಸಕೋಶದ ಮೇಲಿರುತ್ತದೆ. ಹೃದಯ ದಾಟಿ ಹೊಟ್ಟೆಯ ಕಡೆಗೆ ಇಳಿದ ಸಣ್ಣ ಗೆರೆಯೇನಾದರೂ ಇದೆಯೇ ಎಂದು ಬೇರೆಯಾಗಿ ಹುಡುಕಬೇಕು.