ನರವೋ, ಸ್ನಾಯುವೋ, ರಜ್ಜುವೋ?

ನಮಸ್ಕಾರ. ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ, ಒಂದು ಪ್ರಶ್ನೆಯಿದೆ. ಹಿಮ್ಮಡಿ ನೋವಿನ ಬಗ್ಗೆ ನಾವು ಪ್ರಕಟಿಸಿದ ಲೇಖನದಲ್ಲಿ ಸಾಲುಸಾಲಿಗೂ ‘ಸ್ನಾಯುರಜ್ಜು’ ಬಂದು ಓದು ಎಡವಿತು, ಮನೆಮಂದಿಯೆಲ್ಲ ‘ನರ’ ಎನ್ನುವಾಗ ಪತ್ರಿಕೆಗೇಕೆ ಈ ಬಿಗುಮಾನ ಎಂಬುದು ಮೊದಲನೆಯದು. ‘ಸ್ನಾಯು’ವಿಗೆ ನಿಘಂಟು ಒಂದು ಕಡೆ ಮಾಂಸಖಂಡ ಎನ್ನುತ್ತದೆ, ಇನ್ನೊಂದು ಕಡೆ ನರ ಎನ್ನುತ್ತದೆ, ಯಾವುದನ್ನು ನಂಬಲಿ ಎಂಬುದು ಎರಡನೆಯದು. ಇನ್ನು ಪ್ರಶ್ನೆ: ಹಳೆಯ ಸಂಸ್ಕೃತ ಪಠ್ಯವೊಂದನ್ನು ಅನುವಾದಿಸುತ್ತಿರುವ ನೀವು, ಬಿಲ್ಲಿಗೆ ಕಟ್ಟುವ ‘ಸ್ನಾಯು’ವನ್ನು ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಿದ್ದೀರಿ.

ಪದಕ್ಕೆ ಮೊದಲು ಪದಾರ್ಥವನ್ನೇ ನೋಡಿಬಿಡೋಣ. ಬಲ ಮೊಣಕೈಯ ಕೆಳಗೆ ಎಡಗೈಯಿಂದ ಹಿಡಿದುಕೊಂಡು ಬಲಗೈ ಬೆರಳುಗಳನ್ನು ಮಡಚಿ ಬಿಡಿಸಿ. ಆಡುವುದು ಬೆರಳು, ಉಬ್ಬಿ ತಗ್ಗುವುದು ಮಾತ್ರ ಮುಂಗೈ. ಬೆರಳುಗಳ ಒಳಗೆ ಅವುಗಳನ್ನು ಮಡಚುವ ಮಾಂಸಖಂಡ ಇಲ್ಲವೇ ಇಲ್ಲ. ಅದು ಮುಂಗೈಯಲ್ಲಿ ಕುಳಿತು, ಮಣಿಕಟ್ಟನ್ನು ಹಾದುಹೋಗುವ ಗಟ್ಟಿ ಎಳೆಗಳ ಮೂಲಕ ಬೆರಳಿನ ಮೂಳೆಯನ್ನು ಎಳೆಯುತ್ತದೆ. ಆ ಎಳೆಯೇ ಸ್ನಾಯುರಜ್ಜು. ಈಗ ಹೆಬ್ಬೆರಳಿನ ತುದಿಗೆ ಕಿರುಬೆರಳನ್ನು ತಾಗಿಸಿ ಮಣಿಕಟ್ಟನ್ನು ತುಸು ಒಳಕ್ಕೆ ಬಾಗಿಸಿ. ನಟ್ಟನಡುವೆ ಒಂದು ದಾರ ಚರ್ಮವನ್ನು ಎತ್ತಿ ನಿಲ್ಲಬಹುದು. ನಿಲ್ಲದಿದ್ದರೂ ಗಾಬರಿ ಬೇಡ. ಎಷ್ಟೋ ಜನರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದ್ದರಿಂದ ಹಿಡಿತಕ್ಕೆ ಹೇಳಿಕೊಳ್ಳುವಂಥ ಕೊರತೆಯೂ ಆಗುವುದಿಲ್ಲ. ಬೇರೆಲ್ಲೋ ತುಂಡಾದ ರಜ್ಜುವನ್ನು ಸರಿಪಡಿಸಲು ಶಸ್ತ್ರವೈದ್ಯರು ಈ ದಾರವನ್ನೇ ತೆಗೆದು ಬಳಸುವುದುಂಟು.

ಮಾಂಸಖಂಡವನ್ನು ಮೂಳೆಗೆ ಸೇರಿಸಿದರೆ ಸ್ನಾಯುರಜ್ಜು; ಮೂಳೆಗೆ ಮೂಳೆಯನ್ನು ಕಟ್ಟಿದರೆ ಅಸ್ಥಿರಜ್ಜು. ಶಾಲೆಯ ವಿಜ್ಞಾನ ಪುಸ್ತಕ ಹೇಳುವುದು ಇಷ್ಟೇ, ಸದ್ಯಕ್ಕೆ ಇಷ್ಟು ಸಾಕು.

ಈಗ ನಿಮ್ಮ ‘ನರ’. ಮನೆಮಂದಿ ಹೇಳುವುದನ್ನು ತಪ್ಪೆನ್ನಲು ನನಗೆ ಬಾಯಿ ಬಾರದು. ಮನುಷ್ಯ ಎಂಬರ್ಥದ ಸಂಸ್ಕೃತದ ‘ನರ’ ಬೇರೆ, ಇದು ಬೇರೆ. ಇದು ದ್ರಾವಿಡ ಪದ, ತಮಿಳಿನ ‘ನರಂಬು’ವಿನ ಬಳಗದ್ದು. ತಮಿಳಿನಲ್ಲಿ ಅದು ಮೈಯೊಳಗಿನ ನರವೂ ಹೌದು, ಯಾಳ್ ವಾದ್ಯದ ತಂತಿಯೂ ಹೌದು. ‘ಎನ್ನ ನರವ ತಂತಿಯ ಮಾಡಯ್ಯಾ’ ಎಂದು 12ನೇ ಶತಮಾನದಲ್ಲಿ ಬಸವಣ್ಣನವರು ಬೇಡಿದಾಗ ಅವರ ಮನಸ್ಸಿನಲ್ಲಿದ್ದದ್ದು ಮಿದುಳಿನ ಸಂದೇಶ ಒಯ್ಯುವ ನವಿರು ಎಳೆಯಲ್ಲ. ಬಿಗಿದರೆ ಮಿಡಿಯುವಂಥದ್ದು, ಎಳೆದರೆ ತಡೆಯುವಂಥದ್ದು. ‘ನರಸತ್ತವನು’ ಎಂದು ಬೈಯುವಾಗಲೂ ಸತ್ತಿರುವುದು ಸಂವೇದನೆಯಲ್ಲ, ಕಸುವು.

ಈ ಕಲಸುಮೇಲೋಗರ ಕನ್ನಡದ ಸೊತ್ತೇನೂ ಅಲ್ಲ. ಗ್ರೀಕರ ‘ನ್ಯೂರಾನ್’ ಮೊದಲು ಇದೇ ಗಟ್ಟಿ ಎಳೆಯ ಹೆಸರಾಗಿತ್ತು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರೋಫಿಲಸ್ ಮತ್ತು ಎರಸಿಸ್ಟ್ರಾಟಸ್ ಶವಗಳನ್ನು ಕೊಯ್ದು ನೋಡಿದ ಮೇಲೆಯೇ, ಮಿದುಳು ಮತ್ತು ಬೆನ್ನುಹುರಿಯಿಂದ ಹೊರಡುವ ಎಳೆಗಳೇ ಬೇರೆ ಎಂಬುದು ಅಲ್ಲಿ ಖಚಿತವಾದದ್ದು. ನೋಟಕ್ಕೆ ಎರಡೂ ಬಿಳಿ, ಎರಡೂ ದಾರದಂತೆ. ಕೊಯ್ಯದೆ ತಿಳಿಯುವುದಾದರೂ ಹೇಗೆ?

‘ಸ್ನಾಯು’ವಿನ ಕಥೆ ಇದಕ್ಕಿಂತ ಸ್ವಾರಸ್ಯದ್ದು, ನಿಮ್ಮ ನಿಘಂಟು ಎರಡು ಮಾತಾಡಿದ್ದಕ್ಕೂ ಇದೇ ಕಾರಣ. ಸುಶ್ರುತಸಂಹಿತೆ ಮಾಂಸಖಂಡವನ್ನು ‘ಪೇಶೀ’ ಎಂದು ಕರೆದು 500 ಎಂದು ಎಣಿಸುತ್ತದೆ. ‘ಸ್ನಾಯು’ವನ್ನು ಬೇರೆಯಾಗಿಟ್ಟು 900 ಎನ್ನುತ್ತದೆ. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದ ದೋಣಿ ನೀರಿನಲ್ಲಿ ಭಾರ ಹೊರುವಂತೆ, ಸ್ನಾಯುಗಳಿಂದ ಬಿಗಿದ ಸಂಧಿಗಳು ಮನುಷ್ಯನ ಭಾರ ಹೊರುತ್ತವೆ ಎಂಬ ಮಾತೂ ಅಲ್ಲಿದೆ. ದುಂಡಗಿರುವ ಸ್ನಾಯುಗಳಿಗೆ ಪ್ರತ್ಯೇಕ ಹೆಸರು: ‘ಕಂಡರಾ’. ಗಾಯ ಹೊಲಿಯುವ ದಾರಗಳ ಪಟ್ಟಿಯಲ್ಲೂ ಸ್ನಾಯು ಬರುತ್ತದೆ. ಅಂದರೆ ಸಂಸ್ಕೃತದ ಸ್ನಾಯು ಕಟ್ಟುವ ವಸ್ತು, ಮಾಂಸವಲ್ಲ. ಕನ್ನಡದಲ್ಲಿ ಅದು ಮಾಂಸಖಂಡಕ್ಕೆ ಜಾರಿತು. ಜಾರಿದ ಮೇಲೆ ಮೂಲ ವಸ್ತುವಿಗೆ ಹೆಸರಿಲ್ಲದಂತಾಗಿ, ಬಾಲಕ್ಕೆ ‘ರಜ್ಜು’ ಸೇರಿಸಬೇಕಾಯಿತು. ಹಳೆಯ ಅರ್ಥ ಹಿಡಿದು ಓದಿದರೆ ‘ಸ್ನಾಯುರಜ್ಜು’ ಎಂದರೆ ಹಗ್ಗದ ಹಗ್ಗ! ‘ಕಂಡರ’ವನ್ನೇ ಉಳಿಸಿಕೊಂಡಿದ್ದರೆ ಮೂರಕ್ಷರದಲ್ಲಿ ಕೆಲಸ ಮುಗಿಯುತ್ತಿತ್ತು. ಪಠ್ಯಪುಸ್ತಕ ಸಮಿತಿಗಳಿಗೆ ಉದ್ದದ ಮೇಲೆ ಯಾಕೋ ಒಲವು.

ಹಾಗಿದ್ದೂ ಆರೋಗ್ಯದ ಪುಟದಲ್ಲಿ ನಾವು ಸ್ನಾಯುರಜ್ಜುವನ್ನು ಬಿಡುವುದಿಲ್ಲ. ಇವತ್ತಿನ ಓದುಗರಿಗೆ ನರ ಎಂದರೆ ಜೋಮು, ಉರಿ, ಸ್ಪರ್ಶ ತಿಳಿಯದಿರುವುದು. ‘ನರರೋಗ ತಜ್ಞರು’ ಎಂಬ ಫಲಕ. ಹಿಮ್ಮಡಿಯ ರಜ್ಜುವಿನ ತೊಂದರೆ ಆ ಬಗೆಯದಲ್ಲ. ಬೆಳಿಗ್ಗೆ ಮೊದಲ ಹೆಜ್ಜೆಗಳಲ್ಲಿ ಬಿಗಿತ, ಭಾರ ಬಿದ್ದಾಗ ನೋವು. ಹರಿದರೆ ತುದಿಗಾಲಲ್ಲಿ ನಿಲ್ಲಲಾಗುವುದಿಲ್ಲ. ಓಡುವಾಗ ದೇಹತೂಕದ ಹಲವು ಪಟ್ಟು ಎಳೆತ ಅದರ ಮೇಲೆ ಬೀಳುತ್ತದೆ. ರಜ್ಜುವಿಗೆ ರಕ್ತದ ಹರಿವು ಕಡಿಮೆ, ಹಾಗಾಗಿ ಮಾಯುವುದೂ ನಿಧಾನ. ನಾವು ‘ನರ’ ಎಂದು ಬರೆದು, ಅದನ್ನೋದಿದವರು ನರದೌರ್ಬಲ್ಯದ ಮಾತ್ರೆ ನುಂಗುತ್ತ ಕುಳಿತರೆ ಯಾರು ಹೊಣೆ? ಕ್ರೀಡಾಪುಟದವರು ತೊಡೆಯ ಹಿಂಭಾಗದ ಗಾಯಕ್ಕೆ ‘ಮಂಡಿರಜ್ಜು’ ಎನ್ನುವುದು ನನಗೆ ಹಿಡಿಸಿದೆ: ಎಲ್ಲಿಯದು ಎಂಬುದು ಪದದಲ್ಲೇ ಇದೆ. ಅದೇ ಜಾಡಿನಲ್ಲಿ ‘ಹಿಮ್ಮಡಿರಜ್ಜು’ ಎಂದು ಬರೆಯುವಂತೆ ನಮ್ಮ ಲೇಖಕರಿಗೆ ತಿಳಿಸಿದ್ದೇನೆ. ಒಮ್ಮೆ ಪೂರ್ತಿ ಹೆಸರು ಹೇಳಿದ ಮೇಲೆ ಬರೀ ‘ರಜ್ಜು’ ಸಾಕು. ಕಥೆ, ಕವಿತೆ, ಪ್ರಬಂಧಗಳಲ್ಲಿ ‘ನರ’ವನ್ನು ಯಾರೂ ತಿದ್ದುವುದಿಲ್ಲ.

ನಿಮ್ಮ ಅನುವಾದಕ್ಕೆ ಬಂದರೆ, ಅಲ್ಲಿ ಈ ನಿಯಮ ತಿರುವುಮುರುವು. ಕೌಟಿಲ್ಯನ ಅರ್ಥಶಾಸ್ತ್ರವೂ ಹೆದೆಗೆ ಎಕ್ಕದ ನಾರು, ಸೆಣಬು, ಬಿದಿರುಗಳ ಜೊತೆ ಸ್ನಾಯುವನ್ನು ಹೆಸರಿಸುತ್ತದೆ. ಅದು ಪ್ರಾಣಿಯ ರಜ್ಜುವನ್ನು ಒಣಗಿಸಿ, ಎಳೆ ಬಿಡಿಸಿ, ಹೊಸೆದದ್ದು. ‘ಸ್ನಾಯುವಿನ ಹೆದೆ’ ಎಂದರೆ ಇಂದಿನ ಓದುಗರಿಗೆ ಬಿಲ್ಲಿಗೆ ಮಾಂಸ ಕಟ್ಟಿದಂತೆ ಕಾಣುತ್ತದೆ. ‘ಸ್ನಾಯುರಜ್ಜುವಿನ ಹೆದೆ’ಯಲ್ಲಿ ಆಸ್ಪತ್ರೆಯ ವಾಸನೆ. ‘ನರದ ಹೆದೆ’ ಎಂದು ಬರೆಯಿರಿ. ಮೊದಲ ಸಲ ಬಂದಾಗ ‘ಪ್ರಾಣಿಯ ನರವನ್ನು ಹೊಸೆದು ಮಾಡಿದ ಹೆದೆ’ ಎಂದು ಬಿಡಿಸಿ ಹೇಳಿದರೆ ಅಡಿಟಿಪ್ಪಣಿಯ ಗೊಡವೆಯೂ ಇರುವುದಿಲ್ಲ.

— ಸಂಪಾದಕ