ಎರಡನೇ ಮೆಡಿಕಲ್ ಶಾಪ್ ಹಾಕಲಾ, ಕೆರೆಗೆ ಹೋಗಲಾ?

ಪ್ರಶ್ನೆ: ನನಗೆ 43 ವರ್ಷ. ಮೈಸೂರಿನಲ್ಲಿ ನನ್ನದೇ ಮೆಡಿಕಲ್ ಶಾಪ್ ಇದೆ, ಫಾರ್ಮಸಿಸ್ಟ್ ನಾನೇ. ಖರ್ಚೆಲ್ಲ ಕಳೆದು ತಿಂಗಳಿಗೆ 85 ಸಾವಿರ ಉಳಿಯುತ್ತದೆ, ಮನೆಗೆ 50 ಸಾವಿರ ಬೇಕು. ದಿನಾ ಬೆಳಿಗ್ಗೆ ಆರರಿಂದ ಎಂಟೂವರೆವರೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹಕ್ಕಿ ನೋಡುತ್ತೇನೆ. ವಾಪಸ್ ಬರುವಷ್ಟರಲ್ಲಿ ಹೆಂಡತಿ ತಿಂಡಿ, ಡಬ್ಬಿ ಎಲ್ಲ ಮುಗಿಸಿ ಇಬ್ಬರು ಮಕ್ಕಳನ್ನು ಸ್ಕೂಲಿಗೆ ಕಳಿಸಿರುತ್ತಾಳೆ. ಈಗ ಭಾವಮೈದ ಹೊಸ ಆಸ್ಪತ್ರೆ ಪಕ್ಕ ಮಳಿಗೆ ನೋಡಿದ್ದಾನೆ. 25 ಲಕ್ಷ ಸಾಲ, ಶೇ 11 ಬಡ್ಡಿ, ಏಳು ವರ್ಷ. ದಿನಕ್ಕೆ 20 ಸಾವಿರ ವ್ಯಾಪಾರ ಗ್ಯಾರಂಟಿ ಅನ್ನುತ್ತಾನೆ. ಅಲ್ಲಿ ಏಳಕ್ಕೇ ಬಾಗಿಲು ತೆಗೆಯಬೇಕು. ಹೆಂಡತಿಯೂ ಅವನ ಕಡೆ: ‘ಹಕ್ಕಿ ನೋಡಿದ್ರೆ ಮಗಳ ಪಿಯುಸಿ ಫೀಸ್ ಬರುತ್ತಾ?’ ನನಗೆ ಇರುವ ಅಂಗಡಿಯೇ ಸಾಕು. ಇದು ಸೋಮಾರಿತನವಾ? ಭಾವಮೈದನಿಗೆ ಏನು ಹೇಳಲಿ?
– ಹೆಸರು ಬೇಡ, ಮೈಸೂರು

ಉತ್ತರ: ಸೋಮಾರಿತನ ಹೌದೋ ಅಲ್ಲವೋ ಆಮೇಲೆ ನೋಡೋಣ, ಮೊದಲು ಅಂಗಡಿಯ ಲೆಕ್ಕ ಹಾಕಿ. ನಿಮ್ಮ ಪತ್ರದಲ್ಲಿ ಅದೇ ಇಲ್ಲ. ‘ಸಾಕು’ ಅನ್ನುವ ಮಾತನ್ನು ಲೆಕ್ಕವಿಲ್ಲದೆ ಹೇಳಿದರೆ ಮನೆಯವರಿಗೆ ಅದು ನೆಪದ ಹಾಗೆಯೇ ಕೇಳಿಸುತ್ತದೆ.

ದಿನಕ್ಕೆ 20 ಸಾವಿರ ಅಂದರೆ ತಿಂಗಳಿಗೆ ಆರು ಲಕ್ಷ. ಬೆಲೆ ನಿಯಂತ್ರಣದಲ್ಲಿರುವ ಔಷಧಿಗೆ ಶೇ 16, ಉಳಿದದ್ದಕ್ಕೆ ಸಾಮಾನ್ಯವಾಗಿ ಶೇ 20 ಮಾರ್ಜಿನ್ ಅನ್ನುವುದು ನಿಮಗೆ ಗೊತ್ತೇ ಇದೆ. ಸರಾಸರಿ 18 ಹಿಡಿದರೆ 1,08,000. ಹೊಸ ಜಾಗದಲ್ಲಿ ಗಿರಾಕಿ ಹಿಡಿಯಲು ಶೇ 10 ಡಿಸ್ಕೌಂಟ್ ಬೋರ್ಡ್ ಹಾಕಲೇಬೇಕಾಗುತ್ತದೆ. ಅರ್ಧ ಬಿಲ್ಲಿಗೆ ಕೊಟ್ಟರೂ 30 ಸಾವಿರ ಹೋಯಿತು. ಎಕ್ಸ್‌ಪೈರಿ ಮಾಲು, ಸ್ಟಾಕಿಸ್ಟ್ ವಾಪಸ್ ತೆಗೆದುಕೊಳ್ಳದ ಕತ್ತರಿಸಿದ ಸ್ಟ್ರಿಪ್ಪು ಸೇರಿ ಶೇ 1, ಅಂದರೆ ಆರು ಸಾವಿರ. ಉಳಿದದ್ದು 72 ಸಾವಿರ.

ಇನ್ನು ಖರ್ಚು. ಬಾಡಿಗೆ 22 ಸಾವಿರ ಅನ್ನೋಣ. ನೀವು ಒಂದೇ ಹೊತ್ತಿಗೆ ಎರಡು ಕಡೆ ಕೂರಲಾರಿರಿ. ಪ್ರತಿ ವಿಳಾಸಕ್ಕೂ ಬೇರೆ ಲೈಸೆನ್ಸ್ ಬೇಕು, ಔಷಧಿ ಕೊಡುವ ಕಡೆ ನೋಂದಾಯಿತ ಫಾರ್ಮಸಿಸ್ಟ್ ಇರಲೇಬೇಕು. ಭಾವಮೈದ ಗಲ್ಲಾದಲ್ಲಿ ಕೂತರೆ ಆ ಲೆಕ್ಕ ಮುಗಿಯುವುದಿಲ್ಲ. ಫಾರ್ಮಸಿಸ್ಟ್ ಸಂಬಳ 20 ಸಾವಿರ, ಹುಡುಗನಿಗೆ 12, ಕರೆಂಟು, ಬಿಲ್ಲಿಂಗ್ ಸಾಫ್ಟ್‌ವೇರ್, ಇನ್ಸುಲಿನ್ ಇಡುವ ಫ್ರಿಜ್ಜಿಗೆ ಇನ್ವರ್ಟರ್ ಎಲ್ಲ ಸೇರಿ ಆರು. ಒಟ್ಟು 60 ಸಾವಿರ. ಕೈಗೆ ಬಂದದ್ದು 12 ಸಾವಿರ, ಕಟ್ಟಬೇಕಾದ ಇಎಂಐ ಸುಮಾರು 42,800. ಕೊರತೆ ಬೀಳುವ 30,800ನ್ನು ಪ್ರತಿ ತಿಂಗಳೂ ಹಳೆಯ ಅಂಗಡಿ ತುಂಬಬೇಕು. ನೀವು ಈಗ ಉಳಿಸುತ್ತಿರುವುದೇ 35 ಸಾವಿರ! ಏಳು ವರ್ಷಕ್ಕೆ ಬಡ್ಡಿಯೇ ಹತ್ತಿರ ಹತ್ತಿರ 11 ಲಕ್ಷ. ಅಂಗಡಿ ತನ್ನ ಸಾಲವನ್ನು ತಾನೇ ತೀರಿಸಬೇಕಾದರೆ ದಿನಕ್ಕೆ 28,500 ವ್ಯಾಪಾರ ಬೇಕು, ಅದೂ ಮೊದಲ ತಿಂಗಳಿಂದಲೇ. ಬಾಡಿಗೆ, ಸಂಬಳ ನಾವು ಅಂದಾಜಿಗೆ ಹಾಕಿದ್ದು. ನಿಮ್ಮ ನಿಜವಾದ ಅಂಕಿ ಹಾಕಿ ಇನ್ನೊಮ್ಮೆ ಕೂಡಿ ನೋಡಿ. ನಮ್ಮ ಮಟ್ಟಿಗೆ ಈ ಮಳಿಗೆ ಬೇಡ. ಹಕ್ಕಿಯನ್ನು ಮಧ್ಯೆ ತರದೆಯೇ ಬೇಡ.

ಹಾಗಂತ ನೀವು ಗೆದ್ದಿರಿ ಅಂದುಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ನೀವೇ ಗಮನಿಸದೆ ಬರೆದ ಸಾಲು ಒಂದಿದೆ, ಡಬ್ಬಿಯದು. ಆರರಿಂದ ಎಂಟೂವರೆ ಅನ್ನುವುದು ಸ್ಕೂಲಿಗೆ ಹೋಗುವ ಮಕ್ಕಳಿರುವ ಮನೆಯ ಅತಿ ದುಬಾರಿ ಹೊತ್ತು. ಅದನ್ನು ನೀವು ಹಣ ಕೊಟ್ಟು ಕೊಂಡಿಲ್ಲ, ಹೆಂಡತಿಯಿಂದ ಕೇಳದೇ ತೆಗೆದುಕೊಂಡಿದ್ದೀರಿ. ‘ಹಕ್ಕಿ ನೋಡಿದ್ರೆ ಫೀಸ್ ಬರುತ್ತಾ’ ಅನ್ನುವ ಮಾತಿನ ಅರ್ಧ ಸಿಟ್ಟು ಫೀಸಿನದಲ್ಲ ಅನ್ನಿಸುತ್ತದೆ.

ಇಲ್ಲಿ ಹಕ್ಕಿಗಳೇ ನಿಮಗೆ ದಾರಿ ಬಿಟ್ಟುಕೊಡುತ್ತವೆ. ಪೊದೆಯೊಳಗಿನ ಸಣ್ಣ ಹಕ್ಕಿಗಳು ಚುರುಕಾಗಿರುವುದು ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ, ಅವಕ್ಕೆ ಬೆಳಗೇ ಬೇಕು. ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿಯಂಥ ನೀರಹಕ್ಕಿಗಳಿಗೆ ಆ ಕಟ್ಟಳೆ ಇಲ್ಲ. ಹಾವಕ್ಕಿಯ ಗರಿ ನೀರು ಹೀರುವಂಥದ್ದು, ಅದಕ್ಕೇ ಅದು ಮೈಯೆಲ್ಲ ಮುಳುಗಿಸಿ ಕತ್ತು ಮಾತ್ರ ಹಾವಿನಂತೆ ಮೇಲಿಟ್ಟು ಈಜುತ್ತದೆ. ಮೀನು ಹಿಡಿದು ಮುಗಿದ ಮೇಲೆ ಒಣಕೊಂಬೆ ಹತ್ತಿ, ರೆಕ್ಕೆ ಪೂರ್ತಿ ಬಿಚ್ಚಿ ಒಣಗಲು ಕೂರುತ್ತದೆ. ಇದನ್ನು ಸಂಜೆ ನಾಲ್ಕೂವರೆಗೂ ನೋಡಬಹುದು. ಜನವರಿಯಲ್ಲಂತೂ ಮೈಸೂರಿನಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲಿಗೆ. ಆರಕ್ಕೇ ಮನೆ ಬಿಡುವುದು ಹಕ್ಕಿಗಾಗಿಯಂತೂ ಅಲ್ಲ.

ಹೀಗೆ ಮಾಡಿ. ಸೋಮ, ಬುಧ, ಶುಕ್ರ ತಿಂಡಿ, ಡಬ್ಬಿ ನಿಮ್ಮ ಪಾಲು. ‘ಸಹಾಯ ಮಾಡ್ತೀನಿ’ ಅನ್ನಬೇಡಿ. ಹಿಂದಿನ ರಾತ್ರಿ ತರಕಾರಿ ಹೆಚ್ಚಿಡುವುದರಿಂದ ಹಿಡಿದು ಆಟೋ ಹತ್ತಿಸುವವರೆಗೆ ಪೂರ್ತಿ ನಿಮ್ಮದೇ. ಆ ಹೊತ್ತು ಹೆಂಡತಿ ಮಲಗುತ್ತಾರೋ, ವಾಕಿಂಗ್ ಹೋಗುತ್ತಾರೋ ಅವರಿಷ್ಟ. ಕೆರೆಗೇ ಬರಲಿ ಅಂತ ಆಸೆಪಡಬೇಡಿ. ಉಳಿದ ಮೂರು ಬೆಳಗು ಮತ್ತು ಭಾನುವಾರ ನಿಮ್ಮವು. ವಾರಕ್ಕೆ ಎರಡು ಸಂಜೆ ನಾಲ್ಕೂವರೆಯಿಂದ ಏಳೂವರೆಗೆ ಪಾರ್ಟ್‌ಟೈಮ್ ಫಾರ್ಮಸಿಸ್ಟ್ ಒಬ್ಬರನ್ನು ಇಟ್ಟುಕೊಳ್ಳಿ, ತಿಂಗಳಿಗೆ ಆರೇಳು ಸಾವಿರವಾದೀತು. ವಲಸೆ ಹಕ್ಕಿಗಳು ಅಕ್ಟೋಬರ್–ನವೆಂಬರ್ ಹೊತ್ತಿಗೆ ಬಂದು ಮಾರ್ಚಿಗೆ ಬಹುಪಾಲು ಹೊರಟುಹೋಗುತ್ತವೆ. ಸ್ಕೂಲು ಶುರುವಾಗುವ ಜೂನಿನ ಗಡಿಬಿಡಿಯಲ್ಲಿ ಇನ್ನೂ ಒಂದೆರಡು ಬೆಳಗು ಮನೆಗೆ ಬಿಟ್ಟುಕೊಟ್ಟರೆ ನಿಮಗೆ ನಷ್ಟವಿಲ್ಲ. ಡಿಸೆಂಬರ್–ಜನವರಿಯಲ್ಲಿ ಎರಡು ದಿನ ಆ ಫಾರ್ಮಸಿಸ್ಟಿಗೆ ಅಂಗಡಿ ಒಪ್ಪಿಸಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿಬನ್ನಿ, ಪಟ್ಟೆತಲೆ ಹೆಬ್ಬಾತುಗಳು ಆಗಲೇ ಅಲ್ಲಿರುವುದು.

ಪಾರ್ಟ್‌ಟೈಮ್ ಸಂಬಳ ಎಲ್ಲಿಂದ? ಇರುವ ಅಂಗಡಿಯಿಂದಲೇ. ಶುಗರ್, ಬಿಪಿ, ಥೈರಾಯ್ಡ್ ಗುಳಿಗೆ ತಿಂಗಳು ತಿಂಗಳೂ ಒಯ್ಯುವವರ ಹೆಸರು, ಗುಳಿಗೆ ಮುಗಿಯುವ ದಿನ, ಫೋನ್ ನಂಬರ್ ಒಂದು ಪುಸ್ತಕದಲ್ಲಿ ಬರೆಯಿರಿ. ಮುಗಿಯುವ ಮೂರು ದಿನ ಮೊದಲು ಫೋನ್ ಮಾಡಿ, ಡಾಕ್ಟರ ಚೀಟಿ ನೋಡಿ, ಚೀಲ ಕಟ್ಟಿಡಿ. ತಿಂಗಳಿಗೆ 1,200 ರೂಪಾಯಿ ಒಯ್ಯುವ ನಲವತ್ತು ಜನ ಹೆಚ್ಚು ಸೇರಿದರೆ 48 ಸಾವಿರ ವ್ಯಾಪಾರ, ಡಿಸ್ಕೌಂಟ್ ಕಳೆದೂ ಐದಾರು ಸಾವಿರ ಉಳಿಯುತ್ತದೆ. ಮಾಲು ಎಷ್ಟು ಬೇಕೆಂದು ಮೊದಲೇ ಗೊತ್ತಿರುವುದರಿಂದ ಎಕ್ಸ್‌ಪೈರಿಯೂ ಕಡಿಮೆ.

ಫೀಸಿನ ಮಾತಿಗೆ ಉತ್ತರ ಕಾಗದದ ಮೇಲೆ ಬೇಕು. ಉಳಿಯುವ 35 ಸಾವಿರದಲ್ಲಿ 20 ಸಾವಿರ ಮಗಳ ಹೆಸರಲ್ಲಿ ಆರ್‌ಡಿಗೆ ಹೋಗಲಿ. ಪಿಯುಸಿಗೆ ನಾಲ್ಕು ವರ್ಷ ಇದ್ದರೆ ಬಡ್ಡಿ ಬಿಟ್ಟು 9,60,000. ಒಂದು ಕೋಟಿಯ ಟರ್ಮ್ ಪಾಲಿಸಿ, ನಾಲ್ವರಿಗೂ ಹೆಲ್ತ್ ಇನ್ಶೂರೆನ್ಸ್, ಆರು ತಿಂಗಳ ಮನೆ ಖರ್ಚಿನ ಮೂರು ಲಕ್ಷ ಬೇರೆ ಎಫ್‌ಡಿಯಲ್ಲಿ. ಈ ಮೂರು ಲಕ್ಷವನ್ನು ಸ್ಟಾಕಿಸ್ಟ್ ಬಿಲ್ಲಿಗೆ ಮುಟ್ಟಬೇಡಿ. ಸ್ವಂತ ಅಂಗಡಿಯವರು ಮುಗ್ಗರಿಸುವುದು ಅಲ್ಲೇ. ಈ ಮೂರೂ ಆಗುವವರೆಗೆ ಎರಡು ಲಕ್ಷದ ಕ್ಯಾಮೆರಾ ಲೆನ್ಸ್ ಕಡೆ ಕಣ್ಣೂ ಹಾಯಿಸಬೇಡಿ. ಬೈನಾಕ್ಯುಲರ್ ಇದ್ದರೆ ಸಾಕು, ಮಳೆಗಾಲದಲ್ಲಿ ಫಂಗಸ್ ಹಿಡಿಯದಂತೆ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಸಿಲಿಕಾ ಜೆಲ್ ನಿಮ್ಮ ಅಂಗಡಿಯ ಗುಳಿಗೆ ಡಬ್ಬಿಗಳಲ್ಲೇ ಸಿಗುತ್ತದೆ.

ಭಾವಮೈದನಿಗೆ ಈ ವಾರವೇ ಹೇಳಿ, ಮಳಿಗೆ ಮಾಲೀಕರಿಗೆ ಅಡ್ವಾನ್ಸ್ ಕೊಡುವ ಮೊದಲು. ಹೆಂಡತಿಗೆ ಮೊದಲು ಲೆಕ್ಕ ತೋರಿಸಿ, ಆಮೇಲೆ ಇಬ್ಬರೂ ಕೂತು ಹೇಳಿ. ಇಲ್ಲದಿದ್ದರೆ ನಿಮ್ಮ ಮತ್ತು ಭಾವಮೈದನ ನಡುವೆ ಅವರು ಸಿಕ್ಕಿಬೀಳುತ್ತಾರೆ. ‘ನನಗೆ ಹಕ್ಕಿ ಮುಖ್ಯ’ ಅನ್ನಬೇಡಿ. ‘28,500 ವ್ಯಾಪಾರ ಆಗುತ್ತೆ ಅಂತ ನೀನು ಪಕ್ಕದ ಅಂಗಡಿ ಮುಂದೆ ಒಂದು ವಾರ ನಿಂತು ಗಿರಾಕಿ ಎಣಿಸಿ ತೋರಿಸು, ಕೂತು ಮಾತಾಡೋಣ’ ಅನ್ನಿ. ಎಣಿಸಲು ಹೋಗುವುದಾದರೆ ಬೆಳಿಗ್ಗೆ ಏಳಕ್ಕೇ ಹೋಗಬೇಕು ಅನ್ನುವುದನ್ನೂ ಹೇಳಿ.