ನೂರು ಪ್ರಶ್ನೆ ಕಳುಹಿಸಿದವರಿಗೆ

ಆತ್ಮೀಯರೇ, ನಮಸ್ಕಾರ.

ಜಗತ್ತಿನ ತಿಂಡಿತೀರ್ಥ ಮತ್ತು ಅಡುಗೆಯ ವಿಧಾನಗಳ ಬಗ್ಗೆ ನೀವು ಕಳುಹಿಸಿದ 100 ರಸಪ್ರಶ್ನೆಗಳ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಾದದ ಎರಡು ಸಾಲು ಬರೆದು ಹಿಂದಿರುಗಿಸಲು ಮನಸ್ಸು ಒಪ್ಪಲಿಲ್ಲ. ಉಡುಪಿಯ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ, ಶನಿವಾರಗಳಂದು ಮಕ್ಕಳಿಗೆ ರಸಪ್ರಶ್ನೆ ನಡೆಸುತ್ತೇನೆ ಎಂದು ಬರೆದಿದ್ದೀರಿ. ನಾವು ಅಚ್ಚು ಹಾಕಲಿ ಬಿಡಲಿ, ಈ ಪ್ರಶ್ನೆಗಳು ಮಕ್ಕಳ ಕಿವಿಗೆ ಬಿದ್ದೇ ಬೀಳುತ್ತವೆ. ಆದ್ದರಿಂದ ಪತ್ರ ಸ್ವಲ್ಪ ಉದ್ದವಾಗಿದೆ.

ಮೊನ್ನೆ ಮಧ್ಯಾಹ್ನ ಮಂಗಳೂರಿನ ನಮ್ಮ ಕಚೇರಿಯಲ್ಲಿ ಐದು ಜನ ಬುತ್ತಿ ಬಿಚ್ಚಿ ಕುಳಿತಿದ್ದಾಗ ನಿಮ್ಮ ಪ್ರಶ್ನೆಗಳನ್ನು ಒಂದೊಂದಾಗಿ ಓದಿದೆ. ‘ಕಿಮ್ಚಿ ಯಾವ ದೇಶದ್ದು?’ ‘ಕೊರಿಯಾ’ ಎಂದರು ಒಬ್ಬರು. ‘ಬೋರ್ಷ್ ಎಂಬ ಸಾರು?’ ಯಾರಿಗೂ ತಿಳಿದಿರಲಿಲ್ಲ. ‘ಉಕ್ರೇನ್’ ಎಂದು ನಾನೇ ಓದಿ ಹೇಳಿದೆ. ಹೌದೇ ಎಂದು ತಲೆಯಾಡಿಸಿ ಊಟ ಮುಂದುವರಿಸಿದರು. ತಿಳಿದವರಿಗೆ ಹೊಸತೇನೂ ಸಿಗಲಿಲ್ಲ, ತಿಳಿಯದವರಿಗೆ ಯೋಚಿಸಲು ಒಂದು ಎಳೆಯೂ ಸಿಗಲಿಲ್ಲ. ನಿಮ್ಮ 100 ಪ್ರಶ್ನೆಗಳಲ್ಲಿ 62 ಇದೇ ಬಗೆಯವು: ತಿಂಡಿಯ ಹೆಸರು, ಮುಂದೆ ‘ಯಾವ ದೇಶ?’

41ನೆಯ ಪ್ರಶ್ನೆ ಓದಿದಾಗ ಮಾತ್ರ ಊಟ ನಿಂತಿತು. ‘ಬಿಳಿ ಮೆಣಸು ಯಾವ ಬಳ್ಳಿಯಲ್ಲಿ ಬೆಳೆಯುತ್ತದೆ?’ ಕರಿಮೆಣಸಿನ ಬಳ್ಳಿಯಲ್ಲೇ ಎಂಬ ನಿಮ್ಮ ಉತ್ತರವನ್ನು ಇಬ್ಬರು ನಂಬಲಿಲ್ಲ. ಕರಡು ತಿದ್ದುವ ಹಿರಿಯರೊಬ್ಬರು ಸುಳ್ಯ ಕಡೆಯವರು. ಅವರು ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ಹಾಕಿ ಹೇಳತೊಡಗಿದರು. ಬಲಿತ ಹಸಿರು ಕಾಳನ್ನು ಸಿಪ್ಪೆಸಮೇತ ಒಣಗಿಸಿದರೆ ಕರಿಮೆಣಸು. ಹಣ್ಣಾಗಿ ಕೆಂಪಾದ ಕಾಳನ್ನು ಗೋಣಿಚೀಲದಲ್ಲಿ ಕಟ್ಟಿ ತೋಡಿನ ಹರಿಯುವ ನೀರಿನಲ್ಲಿ ವಾರಗಟ್ಟಲೆ ಇಟ್ಟರೆ ಸಿಪ್ಪೆ ಕೊಳೆತು ಸಡಿಲವಾಗುತ್ತದೆ. ತಿಕ್ಕಿ ತೊಳೆದು ಒಣಗಿಸಿದರೆ ಬಿಳಿ ಮೆಣಸು. ಆ ಚೀಲ ಬಿಚ್ಚುವಾಗ ಬರುವ ವಾಸನೆಯಿಂದ ಚಿಕ್ಕಂದಿನಲ್ಲಿ ಓಡಿಹೋಗುತ್ತಿದ್ದೆ ಎಂದರು. ಅಲ್ಲಿಂದ ಮಾತು ಹೆಸರಿನತ್ತ ತಿರುಗಿತು. ನಮ್ಮ ಜಿಲ್ಲೆಗಳಲ್ಲಿ ‘ಮೆಣಸು’ ಎಂದರೆ ಕೆಂಪು ಮೆಣಸಿನಕಾಯಿ. ಕಾಳುಮೆಣಸಿಗೆ ‘ಒಳ್ಳೆಮೆಣಸು’, ತುಳುವಿನಲ್ಲಿ ‘ಎಡ್ಡೆ ಮುಂಚಿ’. ಅಮೆರಿಕ ಖಂಡದ ಗಿಡವೊಂದು ಪೋರ್ಚುಗೀಸರ ಹಡಗು ಹತ್ತಿ 16ನೆಯ ಶತಮಾನದಲ್ಲಿ ಈ ಕರಾವಳಿಗೆ ಬಂದು, ಇಲ್ಲಿಯ ಮೆಣಸಿನ ಹೆಸರನ್ನೇ ತನ್ನದಾಗಿಸಿಕೊಂಡಿತು. ಹಳೆಯದಕ್ಕೆ ‘ಒಳ್ಳೆಯದು’ ಎಂಬ ವಿಶೇಷಣ ಸೇರಿಸಿ ಬೇರೆ ಮಾಡಬೇಕಾಯಿತು. ಚರಿತ್ರೆಯ ಇಷ್ಟು ದೊಡ್ಡ ತಿರುವು ದಿನವೂ ನಮ್ಮ ಬಾಯಲ್ಲಿದೆ! ಎರಡೂವರೆ ಗಂಟೆಯಾದರೂ ಯಾರೂ ಕೈ ತೊಳೆಯಲು ಏಳಲಿಲ್ಲ.

ಈ ಪ್ರಶ್ನೆಗೂ ಉಳಿದವುಗಳಿಗೂ ಇರುವ ವ್ಯತ್ಯಾಸವನ್ನು ನೀವು ಹಿಡಿಯಬೇಕೆಂಬುದೇ ನನ್ನ ಆಸೆ. ‘ಯಾವ ದೇಶ’ ಎಂಬ ಪ್ರಶ್ನೆ ಉತ್ತರ ಸಿಕ್ಕ ಕೂಡಲೇ ಸತ್ತುಹೋಗುತ್ತದೆ. ‘ಹೇಗೆ’, ‘ಏಕೆ’ ಎಂಬುದು ಉತ್ತರ ಸಿಕ್ಕ ಮೇಲೆ ಜೀವ ಪಡೆಯುತ್ತದೆ. ಓದುಗರು ತಮ್ಮ ಅಡುಗೆಮನೆಯ ಅನುಭವದಿಂದಲೇ ಅರ್ಧ ದಾರಿ ನಡೆದುಬರುವಂತಿರಬೇಕು.

ಒಂದನ್ನು ಬದಲಾಯಿಸಿ ತೋರಿಸುತ್ತೇನೆ. ‘ಟೋರ್ಟಿಯಾ ಯಾವ ದೇಶದ ರೊಟ್ಟಿ?’ ಎಂದು ಕೇಳಿ ‘ಮೆಕ್ಸಿಕೋ’ ಎಂದು ಮುಗಿಸಿದ್ದೀರಿ. ಅದರ ಬದಲಿಗೆ ಹೀಗೆ ಕೇಳಿ: ‘ಮೆಕ್ಸಿಕೋದಲ್ಲಿ ರೊಟ್ಟಿಗಾಗಿ ಮೆಕ್ಕೆಜೋಳವನ್ನು ಬೇಯಿಸುವ ನೀರಿಗೆ, ನಾವು ವೀಳ್ಯದೆಲೆಗೆ ಸವರುವ ವಸ್ತುವೊಂದನ್ನು ಹಾಕುತ್ತಾರೆ. ಯಾವುದು? ಏಕೆ?’ ಸುಣ್ಣ ಎಂದು ಮಕ್ಕಳೂ ಹೇಳಿಯಾರು, ಅಜ್ಜಿಯ ತಾಂಬೂಲದ ತಟ್ಟೆ ನೋಡಿದವರಾದರೆ. ಏಕೆ ಎಂಬುದರಲ್ಲಿದೆ ಸ್ವಾರಸ್ಯ. ಸುಣ್ಣದ ನೀರಿನಲ್ಲಿ ಬೆಂದು ರಾತ್ರಿಯಿಡೀ ನೆನೆದ ಕಾಳಿನ ಗಟ್ಟಿ ಸಿಪ್ಪೆ ಕಳಚಿಕೊಳ್ಳುತ್ತದೆ, ರುಬ್ಬಿದ ಹಿಟ್ಟು ಒಡೆಯದೆ ಕೂಡಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಜೋಳದಲ್ಲಿ ಬಂಧಿಯಾಗಿದ್ದ ನಯಾಸಿನ್ ಎಂಬ ಬಿ ಜೀವಸತ್ವ ದೇಹಕ್ಕೆ ಸಿಗುವಂತಾಗುತ್ತದೆ. ಯುರೋಪಿಗೆ ಜೋಳ ಹೋಯಿತು, ಸುಣ್ಣದ ವಿದ್ಯೆ ಹೋಗಲಿಲ್ಲ. ಸ್ಪೇನ್ ಮತ್ತು ಉತ್ತರ ಇಟಲಿಯಲ್ಲಿ ಜೋಳವನ್ನೇ ನೆಚ್ಚಿಕೊಂಡ ಬಡವರು ಪೆಲಾಗ್ರಾ ಎಂಬ ಕಾಯಿಲೆಗೆ ತುತ್ತಾದರು. ಚರ್ಮ ಬಿರಿಯುವುದು, ಬುದ್ಧಿ ಭ್ರಮಿಸುವುದು, ಕೊನೆಗೆ ಸಾವು. 1735ರಲ್ಲಿ ಸ್ಪೇನಿನ ವೈದ್ಯ ಗ್ಯಾಸ್ಪರ್ ಕಸಾಲ್ ಅದನ್ನು ವಿವರಿಸಿ ಬರೆದ. ಒಂದು ಚಿಟಿಕೆ ಸುಣ್ಣದ ಕಥೆ ಇದು. ‘ಮೆಕ್ಸಿಕೋ’ ಎಂಬ ಮೂರಕ್ಷರದಲ್ಲಿ ಇದೆಲ್ಲವೂ ಕಳೆದುಹೋಗಿತ್ತು.

ಇನ್ನು ತಪ್ಪುಗಳು. ಇವು ನನ್ನನ್ನು ನಿಜವಾಗಿಯೂ ಕಾಡಿದವು, ಏಕೆಂದರೆ ಮಕ್ಕಳು ಕಲಿತ ತಪ್ಪು ಬೇಗ ಅಳಿಯುವುದಿಲ್ಲ. ಪಾಸ್ತಾವನ್ನು ಚೀನಾದಿಂದ ಇಟಲಿಗೆ ತಂದವನು ಮಾರ್ಕೋ ಪೋಲೋ ಎಂದಿದ್ದೀರಿ. ಅವನು ಹುಟ್ಟಿದ್ದು 1254ರಲ್ಲಿ. ಅದಕ್ಕೆ ನೂರು ವರ್ಷ ಮೊದಲೇ, 1154ರಲ್ಲಿ, ಅಲ್ ಇದ್ರೀಸಿ ಎಂಬ ಭೂಗೋಳಜ್ಞ ಸಿಸಿಲಿಯ ಊರೊಂದರಲ್ಲಿ ಹಿಟ್ಟಿನ ಎಳೆಗಳನ್ನು ತಯಾರಿಸಿ ಹಡಗುಗಳಲ್ಲಿ ಸಾಗಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಸುಶಿ ಎಂದರೆ ಹಸಿ ಮೀನು ಎಂದಿದ್ದೀರಿ. ಹಸಿ ಮೀನಿನ ಹೋಳು ಸಾಶಿಮಿ. ಸುಶಿಯನ್ನು ಸುಶಿಯಾಗಿಸುವುದು ವಿನೆಗರ್ ಬೆರೆಸಿದ ಅನ್ನ. ಚಾಕೊಲೇಟಿನ ತವರು ಸ್ವಿಟ್ಜರ್ಲೆಂಡ್ ಎಂದದ್ದಂತೂ ಬೇಸರ ತಂದಿತು. ಕೋಕೋ ಅಮೆರಿಕ ಖಂಡದ ಮರ, ಅದನ್ನು ಅರೆದು ಕುಡಿಯುತ್ತಿದ್ದವರು ಅಲ್ಲಿಯ ಮಾಯಾ, ಆಜ್ಟೆಕ್ ಜನ. ಹಾಲು ಬೆರೆಸಿ ಗಟ್ಟಿ ಚಾಕೊಲೇಟ್ ಮಾಡುವುದರಲ್ಲಿ ಸ್ವಿಸ್ ಜನರು ಹೆಸರು ಮಾಡಿದ್ದು 19ನೆಯ ಶತಮಾನದಲ್ಲಿ. ನಮ್ಮ ಅಡಿಕೆ ತೋಟಗಳ ನಡುವೆ ಕೋಕೋ ಕಾಯಿ ತೂಗುತ್ತಿದೆ, ಪುತ್ತೂರಿನಲ್ಲಿ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ. ಬೀಜವನ್ನು ಹುದುಗು ಬರಿಸದಿದ್ದರೆ ಚಾಕೊಲೇಟಿನ ರುಚಿಯೇ ಹುಟ್ಟುವುದಿಲ್ಲ ಎಂಬುದನ್ನು ಅಲ್ಲಿಯ ಯಾವ ಬೆಳೆಗಾರರನ್ನು ಕೇಳಿದರೂ ಹೇಳುತ್ತಾರೆ.

58ನೆಯ ಪ್ರಶ್ನೆಯಲ್ಲಿ ‘ಕಾಂಜೀ: ಅಕ್ಕಿಯಿಂದ ಮಾಡುವ ಚೀನಾದ ತೆಳು ಆಹಾರ’ ಎಂದು ಬರೆದಿದ್ದೀರಿ. ಆ ಪದವನ್ನು ಒಮ್ಮೆ ಗಟ್ಟಿಯಾಗಿ ಉಚ್ಚರಿಸಿ ನೋಡಿ. ಅದು ನಮ್ಮ ಗಂಜಿ. ಚೀನಾದವರು ಅದನ್ನು ಕರೆಯುವುದು ಝೌ ಎಂದು. ದಕ್ಷಿಣ ಭಾರತದ ಕಂಜಿ, ಗಂಜಿಯೇ ಪೋರ್ಚುಗೀಸರ ಬಾಯಿ ಹಾದು ಇಂಗ್ಲಿಷಿಗೆ ಹೋಗಿ, ಪರದೇಶದ ವೇಷದಲ್ಲಿ ನಿಮ್ಮ ಮುಂದೆ ನಿಂತಿದೆ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ನೆಂಜಿಕೊಂಡು ಶಾಲೆಗೆ ಬರುವ ಮಕ್ಕಳಿಗೆ ಅದನ್ನು ಚೀನಾದ್ದೆಂದು ಕಲಿಸಬೇಡಿ. ಕುಚ್ಚಲಕ್ಕಿಯ ಬಗ್ಗೆಯೇ ಕೇಳಿ. ಭತ್ತವನ್ನು ಸಿಪ್ಪೆಯೊಂದಿಗೇ ನೆನೆಸಿ ಬೇಯಿಸಿ ಒಣಗಿಸುವುದರಿಂದ ತೌಡಿನಲ್ಲಿರುವ ಜೀವಸತ್ವದ ಒಂದಷ್ಟು ಭಾಗ ಕಾಳಿನ ಒಳಕ್ಕೆ ಇಳಿಯುತ್ತದೆ, ಮಿಲ್ಲಿನಲ್ಲಿ ಪಾಲಿಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಸುಣ್ಣದ ಪ್ರಶ್ನೆಯ ಪಕ್ಕದಲ್ಲಿ ಇದನ್ನಿಟ್ಟರೆ ಎರಡಕ್ಕೂ ಬೆಲೆ ಬರುತ್ತದೆ.

ವೆನಿಲಾದ ಪ್ರಶ್ನೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ‘ವೆನಿಲಾ ಮೂಲತಃ ಎಲ್ಲಿಯದು? ಮೆಕ್ಸಿಕೋ.’ ಸರಿಯೇ. ಆದರೆ ನನಗೆ ನೆನಪಾದದ್ದು ಪುತ್ತೂರು ಬಳಿಯ ನನ್ನ ಚಿಕ್ಕಮ್ಮ. ಇಪ್ಪತ್ತು ವರ್ಷಗಳ ಹಿಂದೆ ವೆನಿಲಾ ಬೆಲೆ ಗಗನಕ್ಕೇರಿದ್ದಾಗ ಅವರೂ ಬಳ್ಳಿ ಹಬ್ಬಿಸಿದ್ದರು. ಹೂವಿನ ಕಾಲದಲ್ಲಿ ಬೆಳಿಗ್ಗೆ ಏಳಕ್ಕೆಲ್ಲ ತೋಟದಲ್ಲಿರುತ್ತಿದ್ದರು, ಕೈಯಲ್ಲಿ ಹಿಡಿಸೂಡಿಯ ಒಂದು ಕಡ್ಡಿ. ಎಡಗೈಯಲ್ಲಿ ಹೂ ಹಿಡಿದು, ದಳ ಸೀಳಿ, ಒಳಗಿನ ಪುಟ್ಟ ಪರದೆಯನ್ನು ಕಡ್ಡಿಯಿಂದ ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಮೆಲ್ಲನೆ ಒತ್ತುತ್ತಿದ್ದರು. ಒಂದು ಹೂವಿಗೆ ಒಂದೇ ಬೆಳಗು. ಮಧ್ಯಾಹ್ನದ ಹೊತ್ತಿಗೆ ಅದು ಬಾಡುತ್ತದೆ. ಈ ಕೈಚಳಕವನ್ನು ಜಗತ್ತಿಗೆ ಕಲಿಸಿದವನು ಎಡ್ಮಂಡ್ ಆಲ್ಬಿಯಸ್. 1841ರಲ್ಲಿ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಹನ್ನೆರಡು ವರ್ಷದ ಗುಲಾಮ ಹುಡುಗ. ಅಲ್ಲಿ ಬಳ್ಳಿ ಬೆಳೆಯುತ್ತಿತ್ತು, ಹೂವಿನಿಂದ ಹೂವಿಗೆ ಪರಾಗ ಒಯ್ಯುವ ಮೆಕ್ಸಿಕೋದ ಜೇನ್ನೊಣಗಳಿರಲಿಲ್ಲ. ಅವನ ಒಂದು ಕಡ್ಡಿಯಿಂದ ವೆನಿಲಾ ಜಗತ್ತಿನ ಬೆಳೆಯಾಯಿತು, ಅವನು ಮಾತ್ರ ಬಡತನದಲ್ಲೇ ತೀರಿಕೊಂಡ. ಚಿಕ್ಕಮ್ಮನ ಬಳ್ಳಿಗೂ ಬೆಲೆ ಕುಸಿದು ತೋಟ ಹಾಳುಬಿತ್ತು. ಆದರೆ ಆ ಹುಡುಗನ ಬೆರಳಿನ ಚಲನೆ ನನ್ನ ಚಿಕ್ಕಮ್ಮನ ಬೆರಳಿಗೆ ಬಂದಿತ್ತೆಂಬುದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ‘ವೆನಿಲಾ ಹೂವಿಗೆ ನಮ್ಮ ರೈತರು ಕಡ್ಡಿ ಏಕೆ ಮುಟ್ಟಿಸುತ್ತಿದ್ದರು?’ ಎಂದು ಕೇಳಿ. ನಿಮ್ಮ ತರಗತಿಯಲ್ಲಿ ಅದನ್ನು ಕಂಡ ಮನೆಯ ಮಕ್ಕಳು ಒಬ್ಬಿಬ್ಬರಾದರೂ ಇರುತ್ತಾರೆ.

ಕಾಫಿಯ ಏಳು ಪ್ರಶ್ನೆಗಳಲ್ಲಿ ಇಟಲಿ, ಟರ್ಕಿ, ಬ್ರೆಜಿಲ್ ಎಲ್ಲವೂ ಇವೆ, ಮಂಗಳೂರು ಇಲ್ಲ. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿಯ ಸಂಸ್ಕರಣಾ ಕೇಂದ್ರಗಳಲ್ಲಿ ಕಾಫಿಬೀಜವನ್ನು ಹರಡಿ, ಬೇಕೆಂದೇ ಕಡಲಿನ ಒದ್ದೆಗಾಳಿಗೆ ಒಡ್ಡುತ್ತಾರೆ. ಬೀಜ ಉಬ್ಬಿ, ಹಸಿರು ಹೋಗಿ ತಿಳಿಹಳದಿಯಾಗುತ್ತದೆ, ಹುಳಿ ತಗ್ಗುತ್ತದೆ. ಇದೇ ‘ಮಾನ್ಸೂನ್ಡ್ ಮಲಬಾರ್’. ಸೂಯೆಜ್ ಕಾಲುವೆ 1869ರಲ್ಲಿ ತೆರೆಯುವ ಮೊದಲು ಆಫ್ರಿಕವನ್ನು ಸುತ್ತಿ ತಿಂಗಳುಗಟ್ಟಲೆ ಸಾಗುತ್ತಿದ್ದ ಹಾಯಿಹಡಗುಗಳಲ್ಲಿ ಬೀಜ ತಾನಾಗಿಯೇ ಹೀಗಾಗುತ್ತಿತ್ತು. ಪಯಣ ಚಿಕ್ಕದಾದ ಮೇಲೆ ಆ ರುಚಿಗಾಗಿ ಮಳೆಗಾಳಿಯನ್ನೇ ದುಡಿಸಿಕೊಳ್ಳಬೇಕಾಯಿತು.

ಭಾಷೆಯ ಬಗ್ಗೆಯೂ ಒಂದು ಮಾತು. ‘ಸ್ಟೀಮ್ ಮಾಡುವುದು’, ‘ಡೀಪ್ ಫ್ರೈ ಮಾಡುವುದು’, ‘ಡ್ರೈ ರೋಸ್ಟ್ ಮಾಡುವುದು’ ಎಂದು ಪುಟಪುಟದಲ್ಲೂ ಬರೆದಿದ್ದೀರಿ. ಹಬೆಯಲ್ಲಿ ಬೇಯಿಸುವುದು, ಕರಿಯುವುದು, ಹುರಿಯುವುದು, ಬಾಡಿಸುವುದು, ಸುಡುವುದು, ಬಸಿಯುವುದು ಎಂದು ಕನ್ನಡ ಒಂದೊಂದು ಕ್ರಿಯೆಗೂ ಒಂದೊಂದು ಪದ ಕೊಟ್ಟಿದೆ. ಮೂಡೆ, ಪತ್ರೊಡೆ ಬೇಯುವ ಅಟ್ಟಿನಳಗೆಯ ಹೆಸರೂ ಬರಲಿ. ಪರದೇಶದ ತಿಂಡಿಗೆ ಅದರ ಹೆಸರೇ ಇರಲಿ, ಬೇಯಿಸುವ ಕೆಲಸಕ್ಕೆ ನಮ್ಮ ಪದ ಇರಲಿ.

ಆಯ್ಕೆಗಳನ್ನೂ ತಿದ್ದಬೇಕು. ಇಂಜೆರಾದ ಪ್ರಶ್ನೆಗೆ ಇಥಿಯೋಪಿಯಾ, ನಾರ್ವೆ, ಜಪಾನ್, ಚಿಲಿ ಎಂದು ಕೊಟ್ಟರೆ ಓದುಗರು ಊಹಿಸುತ್ತಾರೆಯೇ ಹೊರತು ಯೋಚಿಸುವುದಿಲ್ಲ. ಟೆಫ್ ಎಂಬ ಧಾನ್ಯದ ಹಿಟ್ಟು ಕಲಸಿ ದಿನಗಟ್ಟಲೆ ಇಟ್ಟು, ಮಗುಚದೆ ಒಂದೇ ಬದಿ ಬೇಯಿಸುವ ಆ ದೋಸೆಯ ಮೈತುಂಬ ಕಣ್ಣುಗಳು ಏಕೆ ಮೂಡುತ್ತವೆ ಎಂದು ಕೇಳಿ. ಹಿಟ್ಟು ರುಬ್ಬಿ ರಾತ್ರಿ ಮುಚ್ಚಿಟ್ಟು ಮಲಗುವ ಉಡುಪಿಯ ಯಾವ ಗೃಹಿಣಿಯೂ ಆ ಉತ್ತರ ತಲುಪುತ್ತಾರೆ.

100 ಬೇಡ, 25 ಸಾಕು. ಪ್ರತಿ ಉತ್ತರದ ಕೆಳಗೆ ಮೂರು ನಾಲ್ಕು ವಾಕ್ಯಗಳ ವಿವರಣೆ ಇರಲಿ. ವಿವರಣೆ ಬರೆಯಲು ನಿಮಗೆ ಏನೂ ಹೊಳೆಯದಿದ್ದರೆ ಆ ಪ್ರಶ್ನೆಯನ್ನು ಬಿಟ್ಟುಬಿಡಿ. ಹಸ್ತಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. 41ನೆಯ ಪ್ರಶ್ನೆಯನ್ನು ಮಾತ್ರ ನನ್ನಲ್ಲೇ ಇಟ್ಟುಕೊಂಡಿದ್ದೇನೆ, ಮುಂದಿನ ಪುರವಣಿಯಲ್ಲಿ ನಿಮ್ಮ ಹೆಸರಿನಲ್ಲಿ ಬರುತ್ತದೆ. ಒಳ್ಳೆಮೆಣಸು ಎಂಬ ಹೆಸರಿನ ಕಥೆಯನ್ನೂ ಸೇರಿಸಿ ನೂರು ಪದಗಳಲ್ಲಿ ವಿವರಣೆ ಬರೆದು ಗುರುವಾರದೊಳಗೆ ತಲುಪಿಸಿ.

ವಿಶ್ವಾಸಗಳೊಂದಿಗೆ,
ಪುರವಣಿ ಸಂಪಾದಕ, ಮಂಗಳೂರು